ತಲೆಯ ಬಳಿ ನಿಂತವರು

ನಮ್ಮ ಗೋವಿನಕೋವಿಯ ಕಡೆ ಆಪರೇಷನ್ ಎಂದರೆ ಮನೆಯವರು ಕೇಳುವುದು ಕೊಯ್ಯುವ ಡಾಕ್ಟರ ಹೆಸರನ್ನು. ಮತ್ತು ಬರಿಸುವವರ ಹೆಸರು ಕೇಳುವವರು ಅಪರೂಪ.

1846ರಲ್ಲಿ ಬೋಸ್ಟನ್ನಿನಲ್ಲಿ ಮಾರ್ಟನ್ ಈಥರ್ ಮೂಸಿಸಿ ತೋರಿಸುವ ಮೊದಲು, ಒದ್ದಾಡುವ ರೋಗಿಯನ್ನು ಹಿಡಿದುಕೊಂಡೇ ಕೊಯ್ಯುತ್ತಿದ್ದರು. ಮರುವರ್ಷ ಎಡಿನ್‌ಬರೋದ ಸಿಂಪ್ಸನ್ ಹೆರಿಗೆ ನೋವಿಗೆ ಕ್ಲೋರೋಫಾರ್ಮ್ ಕೊಟ್ಟರು. 1853ರಲ್ಲಿ ವಿಕ್ಟೋರಿಯಾ ರಾಣಿಯೂ ಅದನ್ನು ಪಡೆದಳು. ಆದರೆ 1848ರಲ್ಲೇ ಇಂಗ್ಲೆಂಡಿನಲ್ಲಿ ಕಾಲಿನ ಉಗುರು ತೆಗೆಸಲು ಹೋದ ಹದಿನೈದರ ಹುಡುಗಿ ಹಾನಾ ಗ್ರೀನರ್ ಆ ಮದ್ದಿನಿಂದಲೇ ಸತ್ತಿದ್ದಳು. ಮೊದಲು ನಿಲ್ಲುವುದು ಉಸಿರೋ, ಎದೆಬಡಿತವೋ?

ಇದನ್ನು ತಿಳಿಯಲು ನಿಜಾಮರ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕೂತವು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನದಲ್ಲೇ ಇದ್ದವು. ಡಾಕ್ಟರ್ ಲಾರಿ, ಉಸಿರನ್ನೇ ನೋಡಿ ಎಂದರು. ಅಲ್ಲಿಯೇ ವೈದ್ಯ ಕಲಿತ ರೂಪಾಬಾಯಿ ಫರ್ದೂನ್‌ಜಿ ಕ್ಲೋರೋಫಾರ್ಮ್ ಕೊಡುತ್ತಿದ್ದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ಅವರನ್ನು ಹೇಳುವುದುಂಟು. 1911ರಲ್ಲಿ ಲೆವಿ ಎಂಬವರು, ಹೃದಯವೂ ಹಠಾತ್ತನೆ ನಿಲ್ಲಬಹುದೆಂದು ತೋರಿಸಿದರು.

ಇಂದು ಉಸಿರು, ನಾಡಿ, ರಕ್ತದೊತ್ತಡ ಎಲ್ಲವನ್ನೂ ಯಂತ್ರ ತೋರಿಸುತ್ತದೆ. ನೋಡುವ ಕಣ್ಣು ಮಾತ್ರ ಮನುಷ್ಯರದ್ದೇ. ಬಿ.ಪಿ., ಸಕ್ಕರೆ ಕಾಯಿಲೆ, ಉಬ್ಬಸ ಇದ್ದರೆ ಆ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ತಾಯಂದಿರೇ. ಅವರ ಹೆಸರನ್ನೂ ಕೇಳಿಕೊಳ್ಳಿ.