ಕೆರೆಗೆ ಹಾರ: ಬಲಿಯೋ ಕೊಲೆಯೋ?

ಅಮೆರಿಕದ ಜನಪದದಲ್ಲಿ ಕೊಲೆಯ ಹಾಡುಗಳದೇ ಒಂದು ದೊಡ್ಡ ಗುಂಪಿದೆ. 1866ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಲಾರಾ ಫಾಸ್ಟರ್ ಎಂಬ ಯುವತಿಯ ಕೊಲೆಯಾಯಿತು. ಅದಕ್ಕಾಗಿ 1868ರಲ್ಲಿ ಟಾಮ್ ಡೂಲಾ ಎಂಬವನನ್ನು ಗಲ್ಲಿಗೇರಿಸಿದರು. ಜನ ಹಾಡಿಕೊಂಡು ಬಂದ ಆ ಕಥೆಯನ್ನು 1958ರಲ್ಲಿ ಕಿಂಗ್‌ಸ್ಟನ್ ಟ್ರಿಯೊ ತಂಡದ ರೆಕಾರ್ಡು ಮನೆಮಾತಾಗಿಸಿತು. ಗಲ್ಲಿಗೇರಿದವನ ಹೆಸರೇ ಹಾಡಿನ ಹೆಸರು.

ನಮ್ಮಲ್ಲಿ? ಗಡಿಯಾಚೆಯ ಈ ಕನ್ನಡ ಶಾಲೆಯಲ್ಲಿ ‘ಕೆರೆಗೆ ಹಾರ’ ಹೇಳಿಕೊಡುವಾಗಲೆಲ್ಲ ನಾನು ‘ಭಾಗೀರಥಿಯ ತ್ಯಾಗ’ ಎಂದೇ ಮಕ್ಕಳಿಗೆ ಬರೆಸುತ್ತಿದ್ದೆ. ಈಗ ಹಾಗೆ ಬರೆಸಲು ಮನಸ್ಸು ಒಪ್ಪುವುದಿಲ್ಲ.

ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿ ನೋಡಿದರೆ ಸೊಸೆಯನ್ನು ಕೊಡಬೇಕೆಂದು ಬಂತು. ಹಿರಿಯಳು ಹೋದರೆ ಮನೆ ನೋಡುವವರು ಯಾರು? ಕಿರಿಯಳು ಭಾಗೀರಥಿಯೇ ಸರಿ ಎಂದರು. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದ. ಸುದ್ದಿ ತಿಳಿದ ಭಾಗೀರಥಿ ತವರಿಗೆ ಹೋದಳು, ಅಪ್ಪ ಅವ್ವನಿಗೆ ಬೇರೇನೋ ಹೇಳಿದಳು. ಗೆಳತಿಯೆದುರು ಮಾತ್ರ ಬಾಯಿಬಿಟ್ಟಳು. ಆ ಗೆಳತಿಯೂ, ಹಿರಿಯರು ಇಟ್ಟಂತೆ ಇರಬೇಕು ಎಂದೇ ಹೇಳಿ ಕಳಿಸಿದಳಲ್ಲ!

ಕೆರೆಯ ಪೂಜೆ ಮುಗಿಯಿತು. ಬಂಗಾರದ ಬಟ್ಟಲು ಅಲ್ಲೇ ಮರೆತುಬಂತಂತೆ, ಭಾಗೀರಥಿ ತರಬೇಕಂತೆ. ಅವಳು ಮೆಟ್ಟಿಲು ಏರುತ್ತ ಬಂದಂತೆ ನೀರು ಪಾದ, ಮೊಣಕಾಲು, ನಡು, ಎದೆಯವರೆಗೆ ಏರಿತು. ಕೆಟ್ಟ ಕನಸು ಕಂಡು ಕುದುರೆ ಏರಿ ಬಂದ ಮಾದೇವರಾಯನಿಗೆ ಮನೆಯವರು ಹೇಳಿದ್ದು, ತವರಿಗೆ ಹೋಗಿದ್ದಾಳೆ ಎಂದು. ತ್ಯಾಗವೇ ಆಗಿದ್ದರೆ ಈ ಸುಳ್ಳು ಯಾಕೆ ಬೇಕಿತ್ತು? ನಿಜ ಹೇಳಿದವಳು ಗೆಳತಿ ಒಬ್ಬಳೇ. ಅದನ್ನು ಕೇಳಿ ಅವನೂ ಕೆರೆಗೆ ಹಾರಿದ.

ಮಲ್ಲನಗೌಡನಿಗೆ ಶಿಕ್ಷೆಯಾಯಿತೆಂದು ಹಾಡಿನಲ್ಲಿಲ್ಲ. ಈ ಸಲ ಪಾಠ ಮುಗಿಸಿ ಆ ಸುಳ್ಳಿನ ಪ್ರಶ್ನೆಯನ್ನೇ ಮಕ್ಕಳಿಗೆ ಕೇಳಬೇಕೆಂದಿದ್ದೇನೆ.