ನಿಬ್ಬು ಮತ್ತು ನಾಲಿಗೆ

ಮಸಿ ಪೆನ್ನಿಗೂ ನಮ್ಮ ಹಾಗೆ ಒಂದು ನಾಲಿಗೆಯಿದೆ. ನಿಬ್ಬಿನ ಅಡಿಯಲ್ಲಿ ಅಂಟಿಕೊಂಡಂತೆ ಕಾಣುವ, ಸಣ್ಣ ಗೀರುಗಳಿರುವ ಕಪ್ಪು ತುಂಡು ಅದು. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಇಂಥ ಗೀರುಗಳ ನಾಲಿಗೆಗೇ. ಮಸಿ ಕೆಳಗಿಳಿಯಬೇಕಾದರೆ ಗಾಳಿ ಮೇಲೇರಬೇಕು. ಈ ಕೊಡುಕೊಳ್ಳುವಿಕೆ ತಪ್ಪಿದರೆ ಪೆನ್ನು ಮಸಿ ಕಕ್ಕುತ್ತದೆ, ಇಲ್ಲವೇ ಮೌನ ಹಿಡಿಯುತ್ತದೆ.

ನಮ್ಮಲ್ಲಿಗೆ ಅದು ಬಂದದ್ದು ಪರದೇಶದ ಸಾಮಾನಾಗಿ. ಸ್ವದೇಶಿ ಚಳವಳಿಯ ಕಾಲದಲ್ಲಿ ರಾಜಮಂಡ್ರಿಯ ಕೆ.ವಿ. ರತ್ನಂ ಇಲ್ಲಿಯೇ ಪೆನ್ನು ಮಾಡಿದರು. ಅದನ್ನು ಬಳಸಿ ನೋಡಿದ ಗಾಂಧೀಜಿ 1935ರಲ್ಲಿ ಮೆಚ್ಚಿ ಕಾಗದ ಬರೆದರು. ಮುಂದೆ ಅಗ್ಗದ ಪೆನ್ನುಗಳು ನಮ್ಮಂಥವರ ಮನೆಗೂ ಬಂದವು.

ಬಂದರೂ ಪೆನ್ನಿನ ಜಾಗ ಅಪ್ಪನ ಜೇಬು. ಅಮ್ಮನ ತವರಿಗೆ ಅವರೇ ಕಾಗದ ಬರೆಯುತ್ತಿದ್ದರು. ಕೊನೆಗೆ 'ನಿಮ್ಮ ಮಗಳು ಕ್ಷೇಮ' ಎಂದು ಒಂದು ಸಾಲು. ಅಮ್ಮ ಹಾಸಿಗೆ ಹಿಡಿದ ತಿಂಗಳಲ್ಲೂ ಆ ಸಾಲು ಬದಲಾಗಲಿಲ್ಲ. ಆಮೇಲೆ ಒಂದು ದಿನ, ಬರೆಯುವುದಿಲ್ಲವೆಂದು ಅಣ್ಣ ಬಿಸಾಡಿದ ಪೆನ್ನನ್ನು ಅಮ್ಮ ಎತ್ತಿಟ್ಟುಕೊಂಡಳು.

ಅಗ್ಗದ ಪೆನ್ನಿನಲ್ಲಿ ಸಾಮಾನ್ಯವಾಗಿ ನಿಬ್ಬು, ನಾಲಿಗೆ ಎರಡೂ ಕತ್ತಿನೊಳಗೆ ಬರೀ ಬಿಗಿಯಿಂದ ನಿಂತಿರುತ್ತವೆ, ತಿರುಪಿಲ್ಲ, ಅಂಟಿಲ್ಲ. ಅಮ್ಮ ಮಸಿ ಚೆಲ್ಲಿ, ಕತ್ತನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಹಾಕಿದಳು. ಬಿಸಿನೀರಾದರೆ ನಾಲಿಗೆ ಸೊಟ್ಟಗಾಗುತ್ತದೆ. ಬೆಳಗ್ಗೆ ಹಳೇ ಸೀರೆಯ ಚೂರಿನಲ್ಲಿ ಎರಡನ್ನೂ ಒಟ್ಟಿಗೆ ಹಿಡಿದು, ತಿರುಚದೆ, ನೇರವಾಗಿ ಎಳೆದಳು. ಗೀರುಗಳಲ್ಲಿ ಒಣಗಿದ್ದ ಮಸಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದಳು. ಮತ್ತೆ ಕೂರಿಸುವಾಗ ನಿಬ್ಬಿನ ಸೀಳು ನಾಲಿಗೆಯ ನಡುಗೀರಿನ ಮೇಲೆಯೇ ಬರಬೇಕು. ನಾಲಿಗೆ ನಿಬ್ಬಿನ ಮೊನೆಗಿಂತ ತುಸು ಹಿಂದೆ ನಿಲ್ಲಬೇಕು. ಮೊನೆಯನ್ನು ಒತ್ತಕೂಡದು, ಎರಡನ್ನೂ ಬುಡದ ಹತ್ತಿರ ಹಿಡಿದು ಒಳಕ್ಕೆ ದೂಡಬೇಕು.

ಆ ವಾರ ತವರಿಗೆ ಹೋದ ಕಾಗದದಲ್ಲಿ ಏನಿತ್ತೆಂದು ಅಪ್ಪನಿಗೆ ಗೊತ್ತಾಗಲಿಲ್ಲ. ಹದಿನೈದು ದಿನದೊಳಗೆ ಅಜ್ಜಿಯೇ ಬಂದಿಳಿದಳು, ಅಮ್ಮನನ್ನು ಎರಡು ತಿಂಗಳ ಮಟ್ಟಿಗೆ ಕರೆದುಕೊಂಡು ಹೋಗಲು.

ಬಾಲ್‌ಪೆನ್ನು ಬಂದ ಮೇಲೆ ಬಿಚ್ಚುವ ಕೆಲಸ ತಪ್ಪಿತು, ಮುಗಿದರೆ ಬಿಸಾಡಿದರಾಯಿತು. ಅದು ಅಗ್ಗವಾದದ್ದರಿಂದಲೇ ಎಷ್ಟೋ ಹೆಣ್ಣುಮಕ್ಕಳಿಗೆ ಸ್ವಂತ ಪೆನ್ನು ಸಿಕ್ಕಿತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೆಂಗಸರು ಅಕ್ಷರ ಕಲಿತ ಚರಿತ್ರೆಯನ್ನು ಬರೆಯುವವರು ಶಾಲೆಗಳ ಲೆಕ್ಕ ಕೊಡುತ್ತಾರೆ, ಪಾಸಾದವರ ಲೆಕ್ಕ ಕೊಡುತ್ತಾರೆ. ಮನೆಯಲ್ಲಿ ಪೆನ್ನು ಯಾರ ಕೈಯಲ್ಲಿತ್ತು, ಅದು ಕಟ್ಟಿಕೊಂಡಾಗ ಬಿಚ್ಚಿ ಸರಿಮಾಡಲು ಯಾರಿಗೆ ಬರುತ್ತಿತ್ತು ಎಂಬುದನ್ನೂ ಯಾರಾದರೂ ಬರೆದಿಡಬೇಕು.