ನೀರೊಲ್ಲದ ರಿಯಾಕ್ಟರ್

ಗಣಿಯಿಂದ ಬರುವ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235ರ ಪಾಲು ನೂರಕ್ಕೆ ಒಂದೂ ಇಲ್ಲ. ಮಿಕ್ಕದ್ದು ಬಹುತೇಕ ಯುರೇನಿಯಂ-238. ಇದು ನ್ಯೂಟ್ರಾನ್ ನುಂಗಿದರೆ ಕೊನೆಗೆ ಪ್ಲುಟೋನಿಯಂ ಆಗುತ್ತದೆ. ವೇಗದ ನ್ಯೂಟ್ರಾನ್ ತಾಗಿ ಪ್ಲುಟೋನಿಯಂ ಒಡೆದಾಗ ಹೊಮ್ಮುವ ನ್ಯೂಟ್ರಾನ್‌ಗಳು ಸರಣಿಕ್ರಿಯೆ ನಡೆಸಿಯೂ ಮಿಗುತ್ತವೆ. ಮಿಕ್ಕವು ಹೊಸ ಇಂಧನ ಹುಟ್ಟಿಸುತ್ತವೆ. ಉರಿದದ್ದಕ್ಕಿಂತ ಹುಟ್ಟಿದ್ದೇ ಹೆಚ್ಚಾದರೆ ಅದು ಬ್ರೀಡರ್. ತೊಡಕು ಒಂದೇ: ನೀರು ನ್ಯೂಟ್ರಾನ್‌ಗಳ ವೇಗ ತಗ್ಗಿಸುತ್ತದೆ. ಹಾಗಾಗಿ ಶಾಖವನ್ನು ಹೊತ್ತು ತರಲು ದ್ರವ ಲೋಹವೇ ಬೇಕಾಯಿತು.

ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ 1946ರಲ್ಲಿ ಚಾಲೂ ಆದ ಕ್ಲೆಮೆಂಟೈನ್ ರಿಯಾಕ್ಟರ್ ಪಾದರಸ ಬಳಸಿತು. 1951ರ ಡಿಸೆಂಬರ್ 20ರಂದು ಐಡಾಹೋದ ಇಬಿಆರ್-1 ನಾಲ್ಕು ಬಲ್ಬು ಬೆಳಗಿಸಿತು. ಅದರ ಕೊಳವೆಗಳಲ್ಲಿ ಹರಿದದ್ದು ಸೋಡಿಯಂ-ಪೊಟ್ಯಾಸಿಯಂ ಮಿಶ್ರಲೋಹ. ನಂತರ ಬಹುಪಾಲು ದೇಶಗಳು ಸೋಡಿಯಂಗೇ ಅಂಟಿಕೊಂಡವು. 98 ಡಿಗ್ರಿಗೆ ಕರಗಿ, 883 ಡಿಗ್ರಿಯವರೆಗೂ ಕುದಿಯದ ಈ ಲೋಹಕ್ಕೆ ನೀರಿನ ರಿಯಾಕ್ಟರ್‌ನಂತೆ ಭಾರಿ ಒತ್ತಡ ಬೇಡ. ಆದರೆ ಬಿಸಿ ಸೋಡಿಯಂ ಗಾಳಿ ಸೋಕಿದರೆ ಹೊತ್ತಿಕೊಳ್ಳುತ್ತದೆ, ನೀರು ತಾಗಿದರೆ ಸಿಡಿಯುತ್ತದೆ. ಪಾರದರ್ಶಕವಲ್ಲದ್ದರಿಂದ ಒಳಗೇನಾಗಿದೆ ಎಂದು ಕಣ್ಣಲ್ಲಿ ನೋಡುವಂತೆಯೂ ಇಲ್ಲ.

ಸೋವಿಯತ್ ನೌಕಾಪಡೆ ಜಲಾಂತರ್ಗಾಮಿಗಳಲ್ಲಿ ಸೀಸ-ಬಿಸ್ಮತ್ ಬಳಸಿತು. ಇದು ಹೊತ್ತಿ ಉರಿಯದು; ಆದರೆ ತಣಿದರೆ ಕೊಳವೆಯಲ್ಲೇ ಹೆಪ್ಪುಗಟ್ಟುತ್ತದೆ.

ಮುಂದಿನ ಚರಿತ್ರೆ ಕೊಳವೆಗಳದ್ದೇ. 1966ರಲ್ಲಿ ಮಿಷಿಗನ್‌ನ ಫರ್ಮಿ-1ರಲ್ಲಿ ಕಳಚಿದ ಜಿರ್ಕೋನಿಯಂ ತುಂಡೊಂದು ಸೋಡಿಯಂ ಹರಿವಿಗೆ ಅಡ್ಡ ಬಂದು ಇಂಧನ ಕರಗಿತು. ಜಪಾನಿನ ಮೊಂಜುವಿನಲ್ಲಿ 1995ರಲ್ಲಿ ಉಷ್ಣಮಾಪಕದ ಕವಚ ಮುರಿದು ಸೋಡಿಯಂ ಸೋರಿತು. ಸೋರಿಕೆಯ ವಿಡಿಯೊ ಮುಚ್ಚಿಟ್ಟದ್ದು ಬಯಲಾಗಿ ಜನರ ನಂಬಿಕೆಯೂ ಸೋರಿಹೋಯಿತು. 2016ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚುವ ತೀರ್ಮಾನವಾಯಿತು. ಫ್ರಾನ್ಸಿನ 1,200 ಮೆಗಾವ್ಯಾಟ್‌ನ ಸೂಪರ್‌ಫೀನಿಕ್ಸ್ 1998ರಲ್ಲೇ ಅಧಿಕೃತವಾಗಿ ಮುಚ್ಚಿತ್ತು. ಈ ನಡುವೆ ಯುರೇನಿಯಂ ಅಗ್ಗವಾಗಿಯೇ ಉಳಿದು, ಇಂಧನ ಉಳಿತಾಯದ ವಾದವೂ ಸೊರಗಿತು.

ಒಳ್ಳೆಯ ಸುದ್ದಿಯೂ ಇತ್ತು. 1986ರ ಏಪ್ರಿಲ್‌ನಲ್ಲಿ ಇಬಿಆರ್-2ರ ಪಂಪುಗಳನ್ನು ಬೇಕೆಂದೇ ನಿಲ್ಲಿಸಿದಾಗ, ಯಾರೂ ಕೈಹಾಕದೆ ಅದು ತಾನಾಗಿ ತಣ್ಣಗಾಯಿತು. ರಷ್ಯಾದ ಬಿಎನ್-600ರಲ್ಲಿ ಸೋಡಿಯಂ ಹಲವು ಬಾರಿ ಸೋರಿದರೂ ರಿಪೇರಿ ಮಾಡಿ 1980ರಿಂದ ವಿದ್ಯುತ್ ತೆಗೆಯುತ್ತಲೇ ಬಂದರು. ಸೀಸ ಬಳಸುವ ಬ್ರೆಸ್ಟ್-300 ಕಾಮಗಾರಿ ಸೆವೆರ್ಸ್ಕ್‌ನಲ್ಲಿ 2021ರಲ್ಲಿ ಶುರುವಾಯಿತು.

ಭಾರತಕ್ಕೆ ಈ ದಾರಿ ಹಿಡಿಯಲು ಬೇರೆಯೇ ಕಾರಣವಿದೆ: ಇಲ್ಲಿ ಯುರೇನಿಯಂ ಕಡಿಮೆ, ಥೋರಿಯಂ ಹೇರಳ. ಹೋಮಿ ಭಾಭಾ ರೂಪಿಸಿದ ಮೂರು ಹಂತಗಳ ಯೋಜನೆಯಲ್ಲಿ, ಕೈಗಾದಲ್ಲಿರುವಂಥ ಭಾರಜಲ ರಿಯಾಕ್ಟರ್‌ಗಳು ಮೊದಲನೆಯದು; ಬ್ರೀಡರ್ ಎರಡನೆಯದು; ಥೋರಿಯಂ ಬಳಸುವುದು ಮೂರನೆಯದು. ಕನ್ನಡಿಗ ರಾಜಾ ರಾಮಣ್ಣ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ 1985ರಲ್ಲಿ ಕಲ್ಪಾಕ್ಕಂನ ಪುಟ್ಟ ಬ್ರೀಡರ್ ಎಫ್‌ಬಿಟಿಆರ್ ಚಾಲೂ ಆಯಿತು. ಅಲ್ಲೇ 2004ರಲ್ಲಿ ಕಟ್ಟಲಾರಂಭಿಸಿದ 500 ಮೆಗಾವ್ಯಾಟ್‌ನ ಪಿಎಫ್‌ಬಿಆರ್‌ನ ಒಡಲು (ಕೋರ್) ತುಂಬುವ ಕೆಲಸ ಶುರುವಾದದ್ದು 2024ರ ಮಾರ್ಚ್‌ನಲ್ಲಿ.

ನಾಲ್ಕು ಬಲ್ಬು ಬೆಳಗಿದ ದಿನವೇ ಭೌತವಿಜ್ಞಾನದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅಂದಿನಿಂದ ಈ ರಿಯಾಕ್ಟರ್‌ಗಳ ಹಣೆಬರಹ ಬರೆದದ್ದು ಬೆಸುಗೆ, ಕವಾಟ, ಕೊಳವೆಗಳು, ಮತ್ತು ಸೋರಿದಾಗ ಸೋರಿತು ಎಂದು ಹೇಳುವ ಪ್ರಾಮಾಣಿಕತೆ.